ಗುಡುಬುಸ್ಕಿಯ ಬಾಯಿ

ಕೆಂಪುಹೊಂಡ, ನಾಲ್ಕನೆಯ ಪಾವಟಿಗೆ
ಹೊಂಡದಲ್ಲಿ ನೀರು ನಿಂತ ಮುನ್ನೂರ ಹನ್ನೊಂದನೆಯ ವರ್ಷ, ಎರಡನೆಯ ಗಾಳಿತಿಂಗಳು, ಮೂವತ್ತನಾಲ್ಕನೆಯ ದಿನ

ಈ ಹೊಂಡ ತೋಡಿದ ಕಾಲದ ಹಿರಿಯರಿಗೆ,

ಮೊದಲು ತಾರೀಖಿನ ಬಗ್ಗೆ ಕ್ಷಮೆ ಕೇಳಿಬಿಡುತ್ತೇನೆ. ನಿಮ್ಮಲ್ಲಿ ತಿಂಗಳಿಗೆ ಮೂವತ್ತೊಂದಕ್ಕಿಂತ ಹೆಚ್ಚು ದಿನ ಇರುತ್ತಿರಲಿಲ್ಲವಂತೆ. ನಮ್ಮ ಗಾಳಿತಿಂಗಳು ಗಾಳಿ ನಿಲ್ಲುವ ತನಕ ನಡೆಯುತ್ತದೆ. ಒಮ್ಮೆ ಅರವತ್ತು ದಿನ ದಾಟಿ ಎಲ್ಲರ ತಲೆ ಕೆಟ್ಟುಹೋಗಿತ್ತು. ಎರಡನೆಯ ಕ್ಷಮೆ ಮಾತಿನ ಬಗ್ಗೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಮ್ಮೂರಲ್ಲಿ ಉಳಿದಿರುವ ಹಳೆಯ ಕಾಗದಗಳಿಂದ: ಎರಡು ಲಗ್ನಪತ್ರಿಕೆ, ಕುಕ್ಕರಿನ ಜೊತೆ ಬಂದ ಒಂದು ಸೂಚನಾಪುಸ್ತಕ, ಮತ್ತೆ ಯಾವುದೋ ಶಾಲೆಯ ಮಕ್ಕಳ ರಜೆಚೀಟಿಗಳ ಕಟ್ಟು. ಆದಕಾರಣ ತಾವು ಬಂಧುಮಿತ್ರರೊಂದಿಗೆ, ಸಕುಟುಂಬ ಸಪರಿವಾರ ಸಮೇತರಾಗಿ ಈ ಪತ್ರಕ್ಕೆ ಆಗಮಿಸಬೇಕಾಗಿ ವಿನಂತಿ. ಹೀಗೆ ಕರೆಯುವುದು ಸರಿಯೋ ತಪ್ಪೋ ತಿದ್ದುವವರು ಇಲ್ಲಿ ಯಾರೂ ಇಲ್ಲ. ರಜೆಚೀಟಿಯಲ್ಲಿ ಪ್ರತಿಯೊಂದು ಮಗುವಿಗೂ ಹೊಟ್ಟೆನೋವೇ ಬಂದಿದೆಯಲ್ಲ, ಅದು ನಿಜವಾದ ಹೊಟ್ಟೆನೋವೇ?

ನನ್ನ ಹೆಸರು ಹುಲಿಗೆವ್ವ. ವಯಸ್ಸು ಅರವತ್ತಮೂರು. ಈ ಊರಿನ ಮಿಗದ ಕೊಟ್ಟಿಗೆ ನೋಡಿಕೊಳ್ಳುವವಳು. ಅದಕ್ಕೇ ಎಲ್ಲರೂ ನನ್ನನ್ನು ಮಿಗದಕ್ಕ ಎನ್ನುತ್ತಾರೆ. ಮಿಗ ಎಂದರೇನು ಎಂಬುದನ್ನು ಮುಂದೆ ಹೇಳುತ್ತೇನೆ. ಈ ಪತ್ರವನ್ನು ನಾನಾಗಿ ಇಷ್ಟಪಟ್ಟು ಬರೆಯುತ್ತಿಲ್ಲ. ಇದು ನನಗೆ ಬಿದ್ದ ದಂಡ. ಸೋಮ್ಲಿ ಎಂಬ ಹುಡುಗಿಗೆ ನಾನು ಮಾಡಿದ ಅನ್ಯಾಯಕ್ಕೆ ಅವಳ ಜೊತೆಯ ನಾಲ್ಕು ಮಕ್ಕಳು ಕೂತು, ಯೋಚಿಸಿ, ನನ್ನ ತಲೆಗೆ ಕಟ್ಟಿದ ದಂಡ. ಇನ್ನು ಎಂಟು ದಿನದೊಳಗೆ ಸೋಮ್ಲಿ ಕೊಟ್ಟಿಗೆಗೆ ಬಂದು ಬಾಯಿ ಬಿಡದಿದ್ದರೆ ಆ ಐವರು ಕೂಡಿ ಕಟ್ಟಿದ್ದನ್ನು ನಾನೇ ನನ್ನ ಕೈಯಾರೆ ಬಿಚ್ಚಿಹಾಕಬೇಕು.

ನೀವು ತೋಡಿ ಬಿಟ್ಟುಹೋದ ಹೊಂಡದೊಳಗೇ ನಾವು ಇರುವುದು. ಬೆಟ್ಟದ ಹೊಟ್ಟೆಗೆ ಲಾರಿ ಇಳಿಯಲೆಂದು ನೀವು ಮೆಟ್ಟಿಲಿನ ಹಾಗೆ ಸುತ್ತಲೂ ಕಡಿದಿದ್ದಿರಲ್ಲ, ಆ ದಾರಿಗಳಿಗೆ ಪಾವಟಿಗೆ ಎನ್ನುತ್ತೇವೆ. ಒಟ್ಟು ಏಳು. ತಳದಲ್ಲಿ ಕೆರೆ, ಅದರ ದಡದಲ್ಲಿ ಮಿಗದ ಕೊಟ್ಟಿಗೆ, ಪಕ್ಕದ ಮೊದಲನೆಯ ಪಾವಟಿಗೆಯಲ್ಲಿ ಆಡು, ಕೋಳಿ, ನಡುವಿನ ಮೂರರಲ್ಲಿ ಗೋಡೆ ಕೊರೆದು ಮಾಡಿದ ಮನೆಗಳು, ಮೇಲಿನ ಮೂರರಲ್ಲಿ ಜೋಳ, ನವಣೆ, ಮೆಣಸಿನಕಾಯಿ. ಬಿಸಿಲು ನಮ್ಮಲ್ಲಿ ಪಾಳಿಯ ಮೇಲೆ ಬರುತ್ತದೆ. ಬೆಳಿಗ್ಗೆ ಪಡುವಣ ಗೋಡೆಗೆ, ನಡುಹಗಲು ತಳಕ್ಕೆ, ಆಮೇಲೆ ಮೂಡಣ ಗೋಡೆಗೆ. ಹಪ್ಪಳ ಒಣಹಾಕಿದವರು, ಬಾಣಂತಿಯರು, ಮೊಣಕಾಲು ನೋವಿನ ಮುದುಕರು, ಎಲ್ಲರೂ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಿಸಿಲಿನ ಹಿಂದೆ ಹಿಂದೆ ಹೋಗುತ್ತಾರೆ. ಹೆಣ್ಣು ನೋಡುವುದು, ಜಗಳ ಕಾಯುವುದು, ರಾಜಿಯಾಗುವುದು, ಎಲ್ಲವೂ ಚಾಪೆಯ ಮೇಲೆಯೇ. ಬಿಸಿಲು ಮುಟ್ಟದ ಮನೆಗಳಿಗೆ ಹೊಂಡದ ಅಂಚಿನಲ್ಲಿ ನಿಲ್ಲಿಸಿದ ದೊಡ್ಡ ಬಿಸಿಲುಗನ್ನಡಿಗಳಿಂದ ಬೆಳಕು ತಿರುಗಿಸುತ್ತೇವೆ. ಮಳೆ ಬಿದ್ದಾಗ ಗೋಡೆಯಿಂದ ಕೆಂಪು ನೀರು ಇಳಿಯುತ್ತದೆ, ಊರಿನ ಬಟ್ಟೆಯೆಲ್ಲ ಕೆಂಪು. ಬಿಳಿ ಅಂಗಿ ಎಂಬುದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ಇನ್ನು ಮಿಗ. ನಿಮ್ಮಲ್ಲಿ ಈ ಮಾತಿಗೆ ಬರೀ ಪ್ರಾಣಿ ಎಂಬ ಅರ್ಥವಿತ್ತಂತೆ. ನಮ್ಮಲ್ಲಿ ಮಿಗ ಎಂದರೆ ಎಲ್ಲೂ ಇಲ್ಲದ ಪ್ರಾಣಿ, ಮಕ್ಕಳು ಕೂಡಿ ಕಟ್ಟಿದ್ದು. ಒಂಬತ್ತು ತುಂಬಿದ ಮಕ್ಕಳನ್ನು ಐದೈದಾಗಿ ಕೂಡಿಸುತ್ತೇವೆ. ಆ ಗುಂಪಿಗೆ ಐಗೈ ಎಂದು ಹೆಸರು. ಕಣ್ಣು, ಕಿವಿ, ಬಾಯಿ, ಹೊಟ್ಟೆ, ಕಾಲು ಎಂದು ಚೀಟಿ ಎತ್ತುತ್ತಾರೆ. ಯಾರಿಗೆ ಯಾವ ಅಂಗ ಬಂತೋ ಅದನ್ನು ಅವರವರ ಮನೆಯಲ್ಲಿ, ಒಬ್ಬರಿಗೊಬ್ಬರು ತೋರಿಸದೆ ಮಾಡಿಕೊಂಡು ಬರಬೇಕು. ಸುಗ್ಗಿ ಮುಗಿದ ಮೇಲೆ ಒಂದು ದಿನ ಎಲ್ಲವನ್ನೂ ತಂದು ಕೊಟ್ಟಿಗೆಯಲ್ಲಿ ಸುರಿಯುತ್ತಾರೆ. ಅಬ್ಬಬ್ಬಾ, ಆ ದಿನದ ಗದ್ದಲ! ನಿಂಬೆಹಣ್ಣಿನಷ್ಟು ಹೊಟ್ಟೆಗೆ ಮೊರದಗಲ ಕಿವಿ ಬಂದಿರುತ್ತದೆ. ಹೊಲಿದು, ಅಂಟಿಸಿ, ತಂತಿ ಬಿಗಿದು ಒಂದು ಮಾಡುವಷ್ಟರಲ್ಲಿ ಎರಡು ಜಗಳ, ಒಂದು ಅಳು ಆಗಿಯೇ ತೀರುತ್ತದೆ. ಆಮೇಲೆ ವರ್ಷವಿಡೀ, ಹದಿನೈದು ದಿನಕ್ಕೊಮ್ಮೆ, ಬಿಸಿಲು ತಳಕ್ಕೆ ಬಂದ ಹೊತ್ತಿನಲ್ಲಿ ಊರೆಲ್ಲ ಕೂತು ಮಿಗದ ಕಥೆ ಕೇಳುತ್ತದೆ. ಕಣ್ಣು ಮಾಡಿದವರು ಮಿಗ ಕಂಡದ್ದನ್ನು ಹೇಳಬೇಕು, ಕಿವಿ ಮಾಡಿದವರು ಕೇಳಿದ್ದನ್ನು, ಹೊಟ್ಟೆ ಮಾಡಿದವರು ತಿಂದದ್ದನ್ನು, ಕಾಲಿನವರು ಹೋದದ್ದನ್ನು, ಬಾಯಿಯವರು ಆಡಿದ್ದನ್ನು. ಇನ್ನೊಬ್ಬರ ಅಂಗದ ಮಾತನ್ನು ಯಾರೂ ಹೇಳುವಂತಿಲ್ಲ. ಹೇಳಿದರೆ ಅದು ಅಂಗಗಳ್ಳತನ. ವರ್ಷದ ಕೊನೆಯ ನಾಲ್ಕು ಕೂಟಗಳಲ್ಲಿ ಐದೂ ಅಂಗ ಒಮ್ಮೆಯಾದರೂ ಕಥೆಯೊಳಗೆ ಬಂದರೆ ಮಿಗ ಉಳಿಯಿತು. ಐವರೂ ಮುಂದೆಯೂ ಒಂದೇ ಐಗೈ. ಒಂದು ಅಂಗ ಸುಮ್ಮನಾದರೂ ಕೊನೆಯ ಕೂಟವೇ ಬಿಚ್ಚುವ ದಿನ. ಮಿಗದಕ್ಕ ಕತ್ತರಿ ತಂದು ಹೊಲಿಗೆ ಬಿಚ್ಚಿ, ಅವರವರ ಅಂಗ ಅವರವರ ಕೈಗೆ ಕೊಟ್ಟು, ಮಕ್ಕಳನ್ನು ಬೇರೆ ಬೇರೆ ಗುಂಪಿಗೆ ಹಾಕುತ್ತಾಳೆ.

ಈ ಪದ್ಧತಿ ಹೇಗೆ ಶುರುವಾಯಿತು ಎಂದರೆ, ಮೊದಲು ಇಲ್ಲಿಗೆ ಬಂದವರು ಹನ್ನೊಂದು ಕಡೆಯವರಂತೆ, ಐದಾರು ಭಾಷೆಯವರಂತೆ, ಕೆರೆಯ ನೀರಿಗಾಗಿ ತಲೆ ಒಡೆದುಕೊಳ್ಳುತ್ತಿದ್ದರಂತೆ. ಅವರ ಮಕ್ಕಳು ಮಾತ್ರ ಗುಜರಿ ಸಾಮಾನು ಕೂಡಿಸಿ ಒಂದು ಪ್ರಾಣಿ ಕಟ್ಟಿ, ಮಾತು ಬಾರದೆಯೇ ಅದರ ಕಥೆ ಆಡುತ್ತಿದ್ದರಂತೆ. ನನಗೆ ಇದರಲ್ಲಿ ಅರ್ಧ ನಂಬಿಕೆ. ಆದರೆ ಇವತ್ತಿಗೂ ನಮ್ಮ ನೀರಿನ ಪಂಚಾಯಿತಿಯಲ್ಲಿ ಕಾಲುವೆಯವನು ಕೆರೆಯವನ ಪರವಾಗಿ ಮಾತಾಡಲು ಬಾಯಿ ತೆರೆದರೆ, ನಿನ್ನ ಅಂಗ ನೋಡಿಕೋ ಎಂದು ಕೂರಿಸುತ್ತಾರೆ.

ನನಗೆ ಕುತೂಹಲ ಇರುವುದು ನಿಮ್ಮ ಬಗ್ಗೆ. ನಮ್ಮ ಮಕ್ಕಳು ಕಂಡಿರುವುದು ಆಡು, ಕೋಳಿ, ಬಾವಲಿ, ಓತಿಕ್ಯಾತ, ಇಷ್ಟೇ. ಆನೆ ದಕ್ಷಿಣದ ಕಾಡುಗಳಲ್ಲಿ ಈಗಲೂ ಇದೆಯಂತೆ, ನಾನು ನೋಡಿಲ್ಲ. ನಿಮಗಾದರೆ ಆನೆ ಹತ್ತಿರದಲ್ಲೇ ಇತ್ತಂತೆ, ನವಿಲಿತ್ತಂತೆ, ಒಂಟೆಯನ್ನು ಊರೂರಿಗೆ ಕರೆತರುತ್ತಿದ್ದರಂತೆ. ಅಂಥದ್ದನ್ನೆಲ್ಲ ಕಣ್ಣಾರೆ ಕಂಡ ಮೇಲೂ ನಿಮ್ಮ ಮಕ್ಕಳಿಗೆ ಇಲ್ಲದ ಪ್ರಾಣಿ ಬೇಕೆನಿಸುತ್ತಿತ್ತೆ? ಬೇಕೆನಿಸಿದರೆ ಅದನ್ನು ಯಾವುದರಿಂದ ಮಾಡುತ್ತಿದ್ದರು? ಒಬ್ಬೊಬ್ಬರೇ ಮಾಡುತ್ತಿದ್ದರೋ, ಕೂಡಿಯೋ? ಕೂಡಿ ಮಾಡಿದರೆ ಅದು ಯಾರ ಮನೆಗೆ ಹೋಗುತ್ತಿತ್ತು? ಅದು ಏನು ತಿನ್ನುತ್ತದೆ ಎಂದು ನೀವು ಕೇಳುತ್ತಿದ್ದಿರಾ, ಅಥವಾ ಕಸ ಎತ್ತಿ ಆಚೆ ಹಾಕು ಎನ್ನುತ್ತಿದ್ದಿರಾ?

ಈ ವರ್ಷದ ಮಿಗದ ಹೆಸರು ಗುಡುಬುಸ್ಕಿ. ಹೊಟ್ಟೆ ಗಾದಿಲಿಂಗನದು, ಆಡಿನ ಚರ್ಮದ ಚೀಲದೊಳಗೆ ಹುಣಸೆಬೀಜ ತುಂಬಿದ್ದು, ನಡೆದರೆ ಗುಡುಗುಡು. ಕಿವಿ ಮಾಬುನ್ನಿಯದು, ಹಳೆಯ ತಗಡು ತಟ್ಟಿ ಮಾಡಿದ್ದು, ಒಂದೇ ಒಂದು. ಕಣ್ಣು ಮತ್ತು ಕಾಲು ಎರ್ರೆಮ್ಮ, ಎರ್ರೆಪ್ಪ ಎಂಬ ಅವಳಿಗಳದು. ಎರ್ರೆಪ್ಪ ಐದು ಕಾಲು ಮಾಡಿದ. ನಾಕಕ್ಕ ಕೈ ನಿಲ್ಲಲಿಲ್ಲ ಅಕ್ಕ ಅಂದ. ಎರ್ರೆಮ್ಮ ಒಡೆದ ಬಿಸಿಲುಗನ್ನಡಿಯ ಚೂರುಗಳನ್ನು ಮಿಗದ ಬೆನ್ನಿಗೆ ಅಂಟಿಸಿದಳು. ಮುಂದಿಂದು ಹೆಂಗೂ ಕಾಲಿಗೆ ಗೊತ್ತಾಗತೈತಿ, ಹಿಂದಿಂದು ಯಾರು ನೋಡಬೇಕು ಅಂತ ಅವಳ ವಾದ. ಬಾಯಿ ಸೋಮ್ಲಿಯದು. ಅವರದು ಹಳೆಯ ತಾಂಡಾದ ಮನೆತನ. ಕೆಂಪು, ನೀಲಿ ಚಿಂದಿಗೆ ಕವಡೆ ಹೊಲಿದು, ದಾರ ಎಳೆದರೆ ಮುಚ್ಚುವ, ಬಿಟ್ಟರೆ ಅರಳುವ ಬಾಯಿ. ಹನ್ನೆರಡು ದಿನ ಅಜ್ಜಿಯ ಪಕ್ಕ ಕೂತು ಹೊಲಿದದ್ದು. ನಲವತ್ತು ವರ್ಷದಿಂದ ಕೊಟ್ಟಿಗೆಯಲ್ಲಿದ್ದೇನೆ, ಅಂಥ ಬಾಯಿಯನ್ನು ನಾನು ಕಂಡಿರಲಿಲ್ಲ.

ಕಥೆಯೂ ಹಾಗೇ ಏರಿತು. ಗುಡುಬುಸ್ಕಿ ಪಾವಟಿಗೆ ಪಾವಟಿಗೆ ಇಳಿದು ಕೆರೆಯ ದಡಕ್ಕೆ ಬಂತು. ಅಲ್ಲಿ ನಿಂತು ತಗಡು ಕಿವಿ ನೀರಿಗೆ ಹಚ್ಚಿತು. ನೀರಿನ ತಳದಿಂದ ಯಾರೋ ಟಕ್ ಟಕ್ ಎಂದು ಬಡಿಯುತ್ತಿದ್ದಾರೆ ಅಂದಳು ಮಾಬುನ್ನಿ. ಊರಿಗೆ ಊರೇ ಆ ಟಕ್ ಟಕ್ ಹಿಂದೆ ಬಿತ್ತು. ಚಾಪೆಯ ಮೇಲೆ ಬೇರೆ ಮಾತೇ ಇಲ್ಲ. ಯಾರು ಬಡಿಯುತ್ತಿದ್ದಾರೆ, ಯಾಕೆ? ಇನ್ನು ಗುಡುಬುಸ್ಕಿ ಬಾಯಿ ತೆರೆದು ಯಾರದು ಎಂದು ಕೇಳುವುದೊಂದೇ ಬಾಕಿ. ಆ ವಾರವೇ ಸೋಮ್ಲಿಯ ಅಜ್ಜಿ ತೀರಿಕೊಂಡಳು. ವಯಸ್ಸಾಗಿತ್ತು, ಜ್ವರ ಬಂತು, ಹೋದಳು. ಮುಂದಿನ ಕೂಟಕ್ಕೆ ಸೋಮ್ಲಿ ಬಂದು ತನ್ನ ಜಾಗದಲ್ಲಿ ಕೂತಳು. ಅವಳ ಸರದಿ ಬಂದಾಗ ಸುಮ್ಮನಿದ್ದಳು. ಕೊನೆಯ ನಾಲ್ಕರಲ್ಲಿ ಮೊದಲಿನೆರಡು ಕೂಟ ಹೀಗೇ ಹೋದವು.

ಮೂರನೆಯದರಲ್ಲಿ ನನಗೆ ತಡೆಯಲಾಗಲಿಲ್ಲ. ಸೋಮ್ಲಿಯ ಸರದಿ ಬಂದು ಎಲ್ಲರೂ ಉಸಿರು ಹಿಡಿದು ಕೂತಾಗ ನಾನೇ ಬಾಯಿ ಹಾಕಿದೆ. ಗುಡುಬುಸ್ಕಿ ನೀರಿನ ಹತ್ತಿರ ಬಗ್ಗಿ ಯಾರದು ಎಂದು ಕೇಳಿತು; ತಳದಿಂದ ಸೋಮ್ಲಿಯ ಅಜ್ಜಿ, ನಾನು ಕಣೇ ಕೂಸೇ, ನಾನಿಲ್ಲಿ ಸುಖವಾಗಿದ್ದೇನೆ, ನೀನು ಅಳಬೇಡ ಅಂದಳು; ಹೀಗೆ ಹೇಳಿಬಿಟ್ಟೆ. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಎಂಥ ಚಂದ ಹೇಳಿದೆಯವ್ವಾ ಎಂದು ಯಾರೋ ಅಂದರು. ಸುಳ್ಳೇಕೆ, ನಾನು ಒಳಗೊಳಗೇ ಬೀಗಿದೆ. ಆಗ ಸೋಮ್ಲಿ ಎದ್ದಳು. ಕತ್ತರಿ ತೆಗೆದುಕೊಂಡು ಗುಡುಬುಸ್ಕಿಯ ಬಾಯಿಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಬಾಯಿಯನ್ನು ಲಂಗದ ಮಡಿಲಲ್ಲಿ ಹಾಕಿಕೊಂಡು ನನ್ನ ಮುಖ ನೋಡಿ, ನಮ್ಮಜ್ಜಿ ಹಂಗ ಮಾತಾಡತಿರಲಿಲ್ಲ ಅಂದಳು. ಅಷ್ಟೇ ಅಂದು ಮೂರನೆಯ ಪಾವಟಿಗೆಯ ಮನೆಗೆ ಹತ್ತಿ ಹೋದಳು.

ನಾಚಿಕೆಯಿಂದ ಸತ್ತೇಹೋದೆ. ಮಕ್ಕಳಿಗೆ ನಲವತ್ತು ವರ್ಷ ಹೇಳಿಕೊಟ್ಟ ಕಟ್ಟಳೆಯನ್ನು ನಾನೇ ಮುರಿದಿದ್ದೆ, ಅದೂ ಸತ್ತವಳ ಬಾಯಿಗೆ ನನ್ನ ಮಾತು ತುರುಕಿ. ಅಂಗಗಳ್ಳತನಕ್ಕೆ ತೀರ್ಪು ಹೇಳುವವರು ಆ ಐಗೈಯ ಮಕ್ಕಳೇ. ಕಳ್ಳಿ ಮಿಗದಕ್ಕನಾದರೂ ಬಿಡುವುದಿಲ್ಲ. ಉಳಿದ ನಾಲ್ವರು ಮೂರು ದಿನ ಗುಸುಗುಸು ಮಾಡಿದರು. ಮೂರನೆಯ ದಿನ ಗಾದಿಲಿಂಗ ಬಂದು ಸೊಂಟದ ಮೇಲೆ ಕೈಯಿಟ್ಟು ತೀರ್ಪು ಹೇಳಿದ. ತಿರುಗಿ ಉತ್ತರ ಕೊಡಲಾಗದವರಿಗೆ ನೀನು ಒಂದು ಪತ್ರ ಬರೆಯಬೇಕು. ನಿನಗೆ ಗೊತ್ತಿರುವುದು ನಿನ್ನ ಕಥೆ, ಅದನ್ನು ಬರಿ. ಅವರ ಬಗ್ಗೆ ಬರೀ ಕೇಳು. ಅವರ ಉತ್ತರ ನೀನೇ ಬರೆದರೆ ಹರಿದು ಹಾಕುತ್ತೇವೆ. ಯಾರಿಗೆ ಬರೆಯಲಿ ಎಂದೆ. ಅವಳಿಗಳು ಒಟ್ಟಿಗೇ, ಹೊಂಡ ತೋಡಿದೋರಿಗೆ ಅಂದರು.

ಇದು ನಾಲ್ಕನೆಯ ಪತ್ರ. ಮೊದಲನೆಯದರಲ್ಲಿ, ನೀವು ಬೆಟ್ಟ ಬಿಟ್ಟು ಹೋಗುವಾಗ ನಿಮಗೆ ಖಂಡಿತ ಬೇಸರವಾಗಿರಬೇಕು ಎಂದು ಬರೆದಿದ್ದೆ. ನಿನಗ ಹೆಂಗ ಗೊತ್ತು ಅಂದ ಗಾದಿಲಿಂಗ, ಪರ್ರನೆ ಹರಿದ. ಎರಡನೆಯದರಲ್ಲಿ ಸಿಟ್ಟಿನಿಂದ, ನಿಮಗೆ ಬೆಟ್ಟದ ಮೇಲೆ ಕರುಣೆಯೇ ಇರಲಿಲ್ಲ ಎಂದು ಬರೆದೆ, ಅದೂ ಹರಿಯಿತು. ಮೂರನೆಯದರಲ್ಲಿ ಜಾಣತನ ಮಾಡಿ, ನಿಮಗೂ ನಮ್ಮ ಹಾಗೆಯೇ ಮಕ್ಕಳೆಂದರೆ ಪ್ರಾಣವಲ್ಲವೆ ಎಂದು ಕೇಳಿದೆ. ಎರ್ರೆಮ್ಮ ಹುಬ್ಬು ಗಂಟಿಕ್ಕಿ, ಇದು ಕೇಳಿದ್ದಲ್ಲ, ಹೇಳಿದ್ದಕ್ಕ ಬಾಲ ಹಚ್ಚಿದ್ದು ಅಂದಳು. ಪ್ರಶ್ನೆಗೂ ಪ್ರಶ್ನೆಯ ವೇಷ ಹಾಕಿದ ಉತ್ತರಕ್ಕೂ ವ್ಯತ್ಯಾಸವಿದೆ ಎಂದು ಅರವತ್ತಮೂರನೆಯ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ. ಬರೆದದ್ದನ್ನು ಪ್ರತಿ ಸಲ ಅವರು ಸೋಮ್ಲಿಯ ಮನೆಗೂ ಒಯ್ದು ಓದುತ್ತಾರೆ. ಅವಳು ಕೇಳುತ್ತಾಳಂತೆ, ಏನೂ ಅನ್ನುವುದಿಲ್ಲವಂತೆ.

ಆದ್ದರಿಂದ ಬರೀ ಕೇಳುತ್ತೇನೆ. ಈ ಕೆಂಪು ಮಣ್ಣನ್ನು ಎಲ್ಲಿಗೆ ಒಯ್ದಿರಿ, ಅದು ಏನಾಯಿತು? ತೋಡುವವರ ಮನೆ ಎಷ್ಟು ದೂರವಿತ್ತು? ಊಟದ ಬುತ್ತಿಗೆ ಏನು ಕಟ್ಟಿಕೊಳ್ಳುತ್ತಿದ್ದಿರಿ? ಧೂಳಿನಲ್ಲಿ ನಿಮ್ಮ ಬಟ್ಟೆಯೂ ಕೆಂಪಾಗುತ್ತಿತ್ತೆ, ಅದನ್ನು ಯಾರು ಒಗೆಯುತ್ತಿದ್ದರು? ಇಷ್ಟು ಆಳ ಸಾಕು ಎಂದು ಯಾವ ದಿನ, ಯಾರು ಹೇಳಿದರು? ನಿಮ್ಮ ಮಕ್ಕಳು ಯಾವತ್ತಾದರೂ ಅಂಚಿಗೆ ಬಂದು ಒಳಗೆ ಬಗ್ಗಿ ನೋಡಿದ್ದರೇ? ನೋಡಿದವರಲ್ಲಿ ಒಬ್ಬರಾದರೂ ಕೆಳಗೆ ಏನೋ ಇದೆ ಎಂದಿದ್ದರೇ? ಅದಕ್ಕೆ ಎಷ್ಟು ಕಾಲು, ಎಂಥ ದನಿ? ಇದನ್ನು ಬರೆಯುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಎರ್ರೆಪ್ಪ, ಅದು ನಾವೇ ಇರಬಹುದಲ್ಲ ಅಂದುಬಿಟ್ಟ. ಅಂದವನೇ ನಾಲಿಗೆ ಕಚ್ಚಿಕೊಂಡು ಎಲ್ಲರ ಮುಖ ನೋಡಿದ. ಮಕ್ಕಳು ಅವನಿಗೂ ಒಂದು ಪತ್ರ ಬರೆಸುತ್ತಾರಂತೆ.

ಅದೇ ತಿಂಗಳು, ನಲವತ್ತೆರಡನೆಯ ದಿನ

ಮೇಲಿನದನ್ನು ಬರೆದ ಮರುದಿನ ಮಕ್ಕಳ ಮುಂದೆ ಓದಿದೆ. ಗಾದಿಲಿಂಗ ಹರಿಯಲಿಲ್ಲ. ತಪ್ಪಿಲ್ಲ, ನಡಿತೈತಿ ಅಂದ. ನಾನು ಉಸ್ಸಪ್ಪಾ ಎಂದು ಕಾಗದ ಮಡಿಸುತ್ತಿದ್ದೆ. ಆಗ ಮಾಬುನ್ನಿ, ಅವಳು ಕಿವಿಯವಳಲ್ಲವೆ, ಕತ್ತು ಓರೆ ಮಾಡಿ ಕೇಳಿದಳು: ಮುನ್ನೂರು ವರ್ಷದ ಹಿಂದಿನೋರಿಗೆ ಬುತ್ತಿಗೆ ಏನು ಕಟ್ಟತಿದ್ರಿ ಅಂತ ಕೇಳೀದಿ, ಸೋಮ್ಲಿಗೆ ಏನೇನು ಕೇಳೀದಿ ಅಕ್ಕ? ನಾನು ನೆನಪು ಮಾಡಿಕೊಂಡೆ. ಉಂಡೆಯಾ ಎಂದು ಕೇಳಿದ್ದೆ. ಯಾಕೆ ಸುಮ್ಮನಿದ್ದೀಯ ಎಂದು ಕೇಳಿದ್ದೆ. ಯಾವಾಗ ಮಾತಾಡುತ್ತೀಯ ಎಂದು ಕೇಳಿದ್ದೆ. ಅವಳ ಅಜ್ಜಿಯ ಬಗ್ಗೆ ಒಂದೇ ಒಂದು ಮಾತು ಕೇಳಿರಲಿಲ್ಲ. ಬಾಯಿ ತುಂಬ ಮಣ್ಣು ಹಾಕಿದ ಹಾಗಾಯಿತು.

ಚಾಪೆ ಸುತ್ತಿಕೊಂಡು ನಾಲ್ಕನೆಯ ಪಾವಟಿಗೆಯ ನನ್ನ ಮನೆಯಿಂದ ಮೂರನೆಯದಕ್ಕೆ ಇಳಿದೆ. ಸೋಮ್ಲಿ ಮನೆಯ ಮುಂದಿನ ಬಿಸಿಲಿನಲ್ಲಿ ಕೂತಿದ್ದಳು. ನಾನೂ ಹಾಸಿಕೊಂಡು ಕೂತೆ. ತಪ್ಪಾಯಿತು ಕೂಸೇ ಅಂದೆ. ಆಮೇಲೆ, ನಿಮ್ಮಜ್ಜಿ ಹೆಂಗ ಮಾತಾಡತಿದ್ದಳು ಎಂದು ಕೇಳಿ ಬಾಯಿ ಮುಚ್ಚಿದೆ. ಹಿರಿಯರೇ, ಎಷ್ಟು ಕಷ್ಟ ಅಂತೀರಿ! ಪ್ರೀತಿಯಿಂದ ಮಾತಾಡುತ್ತಿದ್ದಳು ಅಲ್ಲವೇ ಎಂಬುದು ಮೂರು ಸಲ ನಾಲಿಗೆಯ ತುದಿಗೆ ಬಂತು, ಮೂರು ಸಲ ನುಂಗಿದೆ. ಬಿಸಿಲು ಸರಿಯಿತು. ನಾನು ಚಾಪೆ ಎಳೆಯಲು ಹೋದಾಗ ಸೋಮ್ಲಿ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಹತ್ತು ಹೆಜ್ಜೆ ಆಚೆ ಹೋಗಿ ಕೂತೆವು. ಅಲ್ಲಿ ಅವಳು ಶುರು ಮಾಡಿದಳು.

ಅಜ್ಜಿ ಬೈಯುತ್ತಿದ್ದಳಂತೆ. ಬೆಳಗಾದರೆ ಬೈಗಳಂತೆ. ಆಡುಗಳಿಗೆಲ್ಲ ತನ್ನ ನಾದಿನಿಯರ ಹೆಸರಿಟ್ಟು, ಒಬ್ಬೊಬ್ಬಳನ್ನೇ ಹೆಸರು ಹಿಡಿದು ಕೂಗಿ ಬೈಯುತ್ತಿದ್ದಳಂತೆ. ಹೊಲಿಗೆ ಡೊಂಕಾದರೆ ಕವಡೆಯನ್ನು ಹಣೆಗೆ ಎಸೆಯುತ್ತಿದ್ದಳಂತೆ. ಅಳಬೇಡ ಎಂದು ಜನ್ಮದಲ್ಲಿ ಒಂದು ಸಲವೂ ಅಂದವಳಲ್ಲ. ಅಳೋದಾದರ ಜೋರಾಗಿ ಅಳು, ಅರ್ಧಂಬರ್ಧ ಏನೂ ಮಾಡಬ್ಯಾಡ ಅನ್ನುತ್ತಿದ್ದಳಂತೆ. ಇದನ್ನು ಹೇಳುತ್ತ ಸೋಮ್ಲಿಗೆ ನಗು ಬಂತು. ನಗುತ್ತಲೇ ಅಳು ಬಂತು. ಅಜ್ಜಿ ಹೇಳಿದಂತೆಯೇ ಅತ್ತಳು. ಎದುರು ಗೋಡೆಯ ಪಾವಟಿಗೆಯವರೆಲ್ಲ ಎದ್ದು ನಿಂತು ನೋಡಿದರು. ನಾನು ಒಂದು ಮಾತೂ ಆಡದೆ ಪಕ್ಕದಲ್ಲಿ ಕೂತಿದ್ದೆ. ಕೊಟ್ಟಿಗೆಗೆ ಬಾ ಎಂದೂ ಅನ್ನಲಿಲ್ಲ.

ಇವತ್ತು ಬಿಚ್ಚುವ ದಿನ. ಬಿಸಿಲು ತಳಕ್ಕೆ ಬರುವ ಹೊತ್ತಿಗೆ ಊರೆಲ್ಲ ಸೇರಿತ್ತು. ಗುಡುಬುಸ್ಕಿ ಬಾಯಿಯಿಲ್ಲದೆ ನಿಂತಿತ್ತು, ನನ್ನ ಕೈಯಲ್ಲಿ ಕತ್ತರಿಯಿತ್ತು. ನಾಲ್ಕು ಮಕ್ಕಳು ಮೇಲಿನ ದಾರಿಯನ್ನೇ ನೋಡುತ್ತಿದ್ದರು. ಸೋಮ್ಲಿ ಬಂದಳು. ಸೂಜಿಗೆ ದಾರ ಪೋಣಿಸಿಕೊಂಡೇ ಬಂದಿದ್ದಳು. ಯಾರನ್ನೂ ಕೇಳದೆ ಬಾಯಿಯನ್ನು ಹೊಟ್ಟೆಯ ಪಕ್ಕಕ್ಕೆ, ನೆಲಕ್ಕೆ ಹತ್ತಿರವಾಗಿ ಹೊಲಿದಳು. ಮಾಬುನ್ನಿ ಕಿವಿಯ ಮಾತು ಹೇಳಿದಳು, ನೀರಿನ ತಳದಿಂದ ಟಕ್ ಟಕ್ ಇನ್ನೂ ಕೇಳುತ್ತಿದೆ ಎಂದು. ಸೋಮ್ಲಿ ದಾರ ಸಡಿಲಿಸಿದಳು, ಬಾಯಿ ಅರಳಿತು. ಗುಡುಬುಸ್ಕಿ ನೀರಿಗೆ ಹೀಗೆ ಕೂಗಿ ಹೇಳಿತು ಅಂದಳು: ಯಾರರ ಆಗಿರು. ಇನ್ನೊಮ್ಮೆ ಬಡಿ. ಜೋರಾಗಿ ಬಡಿ.

ಎಲ್ಲರೂ ಹೋ ಎಂದು ಕೂಗಿದರು. ನನಗೆ ಅಲ್ಲೇ ಕೂತು ಅಳು ಬಂತು, ಅರ್ಧಂಬರ್ಧ ಅಲ್ಲ. ಗುಡುಬುಸ್ಕಿ ಉಳಿಯಿತು, ಐವರೂ ಉಳಿದರು. ಕೆಳಗೆ ಯಾರಿದ್ದಾರೆ ಎಂಬುದು ಊರಿಗೆ ಗೊತ್ತಿಲ್ಲ. ಅದನ್ನು ತಿಳಿಯಲು ಇಡೀ ಒಂದು ವರ್ಷವಿದೆ.

ದಂಡದ ಪತ್ರ ಮುಗಿಸಬೇಕು. ನನ್ನದೊಂದೇ ವಿನಂತಿ. ನಿಮ್ಮ ಮಗುವೋ ಮೊಮ್ಮಗುವೋ 'ನಾವೆಲ್ಲ ಕೂಡಿ ಮಾಡಿದ್ದು' ಎಂದು ಡಬ್ಬಿಗೆ ದಾರ ಸುತ್ತಿದ ಏನನ್ನೋ ತಂದು ನಿಮ್ಮ ಮುಂದೆ ಹಿಡಿದರೆ, ಅದು ನಾಯಿಯೋ ಕುದುರೆಯೋ ಎಂದು ನೀವೇ ಹೇಳಬೇಡಿ. ಅದು ಏನು ತಿನ್ನುತ್ತದೆ ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಸುಮ್ಮನಿರುವುದು ಕಷ್ಟ, ನನಗೆ ಗೊತ್ತು.

ನಿಮ್ಮ ಉತ್ತರಕ್ಕೆ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೆ. ಸೋಮ್ಲಿ ಬಂದು ಬಗ್ಗಿ ನೋಡಿ, ಇಷ್ಟು ಸಾಲಂಗಿಲ್ಲ ಅಕ್ಕ, ಅವರು ಭಾಳ ಮಾತಾಡೋರಿದ್ದರ ಏನು ಮಾಡತಾರ ಅಂದಳು. ಇನ್ನೆರಡು ಖಾಲಿ ಹಾಳೆಗಳನ್ನು ಅವಳೇ ಇದಕ್ಕೆ ಹೊಲಿಯುತ್ತಿದ್ದಾಳೆ.

ಹುಲಿಗೆವ್ವ